ಹೆಣ್ಣುಮಕ್ಕಳ ಆರೋಗ್ಯ ಹಬ್ಬ ಮಾಡಬೇಕು ಅಂತಿದ್ದೇವೆ, ಮಾಡಿದವರು ಹೇಳಿ

ಚಿಂತಾಮಣಿ ತಾಲ್ಲೂಕು, ಸ್ವಸಹಾಯ ಸಂಘಗಳ ಒಕ್ಕೂಟದ ಸದಸ್ಯೆ

ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯಿತಿಯ ಸಂಘಗಳೆಲ್ಲ ಸೇರಿ ಒಂದು ದಿನದ ಆರೋಗ್ಯ ಹಬ್ಬ ಮಾಡಬೇಕು ಅಂದುಕೊಂಡಿದ್ದೇವೆ. ಹೆಣ್ಣುಮಕ್ಕಳಿಗೆ ಮಾತ್ರ. ರಕ್ತ ಪರೀಕ್ಷೆ, ಡಾಕ್ಟರ ಮಾತು, ಹಾಡು, ರಂಗೋಲಿ, ಊಟ ಎಲ್ಲ ಇರಲಿ ಅನ್ನೋದು ಆಸೆ. ಮುನ್ನೂರು ನಾನೂರು ಜನ ಬರಬಹುದು. ದುಡ್ಡು ಕಡಿಮೆ. ಹೋದ ವರ್ಷ ಪಕ್ಕದ ಊರಿನ ಶಿಬಿರಕ್ಕೆ ಹೋಗಿದ್ದೆವು. ಭಾಷಣ ಕೇಳಿ, ಕೇಸರಿಬಾತ್ ತಿಂದು ವಾಪಸ್ ಬಂದೆವು, ಅಷ್ಟೇ. ನಮ್ಮದು ಹಾಗಾಗಬಾರದು. ಎಲ್ಲಿ ಮಾಡೋದು, ಯಾರನ್ನು ಕರೆಯೋದು, ಯಾವುದನ್ನು ಬಿಡೋದು? ಅನುಭವ ಇದ್ದವರು ತಿಳಿಸಿ.

ಗೌರಿಬಿದನೂರು ಕಡೆಯ ಆಶಾ ಕಾರ್ಯಕರ್ತೆ

ಅಕ್ಕ, ಮೊದಲು ದಿನ ಗೊತ್ತುಮಾಡಿಕೊಳ್ಳಿ. ನಿಮ್ಮ ಕಡೆ ರೇಷ್ಮೆ ಮನೆಗಳು ಜಾಸ್ತಿ ಅಲ್ವಾ. ನಾಲ್ಕನೇ ಜ್ವರ (ಹುಳ ಪೊರೆ ಬಿಡೋದು) ಎದ್ದ ಹುಳ ಮನೆಯಲ್ಲಿದ್ದರೆ ಯಾವ ಹೆಂಗಸೂ ಸೊಪ್ಪು ಹಾಕೋದು ಬಿಟ್ಟು ಬರುವುದಿಲ್ಲ. ಎಲ್ಲರ ಮನೆಯಲ್ಲೂ ಒಟ್ಟಿಗೇ ಹುಳ ಇರುವುದಿಲ್ಲ ನಿಜ. ಸಂಘದ ಸಭೆಯಲ್ಲಿ ಕೇಳಿದರೆ ಯಾವ ವಾರ ಜಾಸ್ತಿ ಮನೆಗಳಿಗೆ ಬಿಡುವು ಅಂತ ತಿಳಿಯುತ್ತದೆ. ಹೊತ್ತು ಬೆಳಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡೂವರೆ. ಡೈರಿಗೆ ಹಾಲು ಹಾಕಿ, ಅಡುಗೆ ಮುಗಿಸಿ ಬರಬೇಕು. ಸಂಜೆ ಹಾಲು ಕರೆಯೋ ಹೊತ್ತಿಗೆ ಮನೆ ಸೇರಬೇಕು. ಗುರುವಾರ ಬೇಡ, ಅವತ್ತು ನಮಗೆ ಲಸಿಕೆ ಕೆಲಸ. 9ನೇ ತಾರೀಕೂ ಬೇಡ. ಪ್ರತಿ ತಿಂಗಳು ಅವತ್ತು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಇರುತ್ತದೆ, ಡಾಕ್ಟರು ನಿಮ್ಮ ಕೈಗೆ ಸಿಗುವುದಿಲ್ಲ.

ಜಾಗದ ವಿಷಯ. ದೇವಸ್ಥಾನದ ಪಕ್ಕದ ಸಮುದಾಯ ಭವನ ಇದೆ, ಬಾಡಿಗೆ ಇಲ್ಲ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಒಪ್ಪಬೇಡಿ. ಮುಟ್ಟಾದವರು ಅಲ್ಲಿಗೆ ಕಾಲಿಡುವುದಿಲ್ಲ. ಅವರೇ ಬರದ ಮೇಲೆ ಮುಟ್ಟಿನ ಬಗ್ಗೆ ಯಾರಿಗೆ ಹೇಳುತ್ತೀರಿ? ಭಾನುವಾರ ಸರ್ಕಾರಿ ಶಾಲೆ ಕೇಳಿ ಪಡೆಯಿರಿ. ಅಲ್ಲಿ ಕೊಠಡಿಗಳಿವೆ, ಬಾಗಿಲಿಗೆ ಚಿಲಕ ಇದೆ, ನೆರಳಿದೆ. ಶೌಚಾಲಯದ ಬೀಗ ಯಾರ ಹತ್ತಿರ ಇದೆ, ನೀರು ಬರುತ್ತದಾ ಅಂತ ಹಿಂದಿನ ದಿನವೇ ನೋಡಿ. ನಾಲ್ಕು ಗಂಟೆ ಶೌಚಾಲಯ ಇಲ್ಲದೆ ಕೂರಬೇಕು ಅಂದರೆ ಹೆಂಗಸರು ನೀರೇ ಕುಡಿಯದೆ ಕೂರುತ್ತಾರೆ.

"ಶಿಬಿರ" ಅಂತ ಕರೆಯದೆ ಹಬ್ಬ ಅಂತಲೇ ಕರೆಯಿರಿ. ಶಿಬಿರ ಅಂದರೆ ಕಾಯಿಲೆಯವರು ಮಾತ್ರ ಬರುತ್ತಾರೆ. ನಮ್ಮಲ್ಲಿ ಊರಹಬ್ಬದ ಹಾಗೆ ತಂಬಿಟ್ಟಿನ ದೀಪ ಹೊತ್ತು, ತಮಟೆ ಹೊಡೆಸಿ, ಬೀದಿ ಸುತ್ತಿ ಶಾಲೆಗೆ ಬಂದೆವು. ಹಬ್ಬ ಅಂದ ಮೇಲೆ ಅತ್ತೆಯರು ಸೊಸೆಯರನ್ನು ತಡೆಯಲಿಲ್ಲ. ತಾವೇ ಸೀರೆ ಉಟ್ಟು ಮುಂದೆ ಹೊರಟರು.

ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವೈದ್ಯಾಧಿಕಾರಿಗೆ, ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು ತಿಂಗಳು ಮುಂಚೆ ಲಿಖಿತ ಪತ್ರ ಕೊಡಿ. ಅಂಗನವಾಡಿಯವರನ್ನು ಸೇರಿಸಿಕೊಳ್ಳಲು ಸಿಡಿಪಿಒಗೂ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಒಂದು ಪ್ರತಿ ಇರಲಿ. ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಇರುತ್ತದೆ. ಅದರಲ್ಲಿ ಏನಾದರೂ ಉಳಿದಿದೆಯಾ ಕೇಳಿ. ಸುಮ್ನೆ ಚಂದಾ ಎತ್ತುವ ಮುಂಚೆ ಇದನ್ನು ವಿಚಾರಿಸಿ.

ಕೋಲಾರ, ಸ್ಟಾಫ್ ನರ್ಸ್

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಪರೀಕ್ಷೆಯ ವಿಷಯ ಮಾತ್ರ ಹೇಳುತ್ತೇನೆ.

ರಕ್ತ ಪರೀಕ್ಷೆ ಮಾಡಿ ಚೀಟಿ ಕೊಟ್ಟು ಕಳಿಸೋದು ಸುಲಭ. ಆಮೇಲೆ ಏನು ಅಂತ ಮೊದಲೇ ಯೋಚಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಅಂದರೆ ನಿಮ್ಮ ಮುನ್ನೂರು ಜನರಲ್ಲಿ ಹತ್ತಿರ ಹತ್ತಿರ ಅರ್ಧ ಜನರ ಚೀಟಿಯಲ್ಲಿ ಕಡಿಮೆ ಬರಬಹುದು. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಕಡಿಮೆ, ಗರ್ಭಿಣಿಗೆ 11ಕ್ಕಿಂತ ಕೆಳಗೆ. ಗರ್ಭಿಣಿಗೆ 7ಕ್ಕಿಂತ ಕೆಳಗೆ ಬಂತು ಅಂದರೆ ಊಟಕ್ಕೂ ಕಾಯಿಸಬೇಡಿ, ಆಸ್ಪತ್ರೆಗೆ ಕಳಿಸಿ. ಆದ್ದರಿಂದ ಕಬ್ಬಿಣದ ಮಾತ್ರೆ ಎಷ್ಟು ಬೇಕಾಗಬಹುದು ಅಂತ ಪಿಎಚ್‌ಸಿಗೆ ಮೊದಲೇ ತಿಳಿಸಿ ತರಿಸಿಡಿ.

ಮಾತ್ರೆ ಕೊಡುವ ಮೇಜಿನಲ್ಲಿ ವಿವರಿಸಿ ಹೇಳುವವರು ಒಬ್ಬರು ಇರಲೇಬೇಕು. ನಮ್ಮ ಹೆಂಗಸರು ಮಾತ್ರೆ ತೆಗೆದುಕೊಂಡು ಹೋಗಿ ಡಬ್ಬಿಯಲ್ಲಿ ಇಡುತ್ತಾರೆ, ನುಂಗುವುದಿಲ್ಲ. ಮಲ ಕಪ್ಪಗಾಗುತ್ತದೆ ಅಂತ ಹೆದರಿಕೆ, ಹೊಟ್ಟೆ ತೊಳಸುತ್ತದೆ ಅಂತ ಬೇಸರ, ಗರ್ಭಿಣಿಯರಿಗೆ ಮಗು ಕಪ್ಪಗೆ ಹುಟ್ಟುತ್ತದೆ ಅನ್ನೋ ಮಾತು ಬೇರೆ. ಮಲ ಕಪ್ಪಗಾಗುವುದು ಸಹಜ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಲಿ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧ ಇಲ್ಲ. ಟೀ ಕಾಫಿ ಜೊತೆ ಬೇಡ, ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ನಮ್ಮ ಮುದ್ದೆ ಮೂಳೆಗೆ ಒಳ್ಳೆಯದು, ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಆದರೆ ಕಡಿಮೆಯಾದ ರಕ್ತ ಮುದ್ದೆ ಒಂದರಿಂದಲೇ ಏರುವುದಿಲ್ಲ ಅಂತ ಬಿಡಿಸಿ ಹೇಳಿ.

ಇನ್ನು ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ. ಸರ್ಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಮಾಡುತ್ತಾರೆ. ವಿನೆಗರ್‌ನಂಥ ದ್ರವ ಹಚ್ಚಿ ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಬೆಳ್ಳಗೆ ಕಂಡರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಬೆಳ್ಳಗೆ ಕಂಡ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ. ಇದನ್ನು ಶಾಲೆಯಲ್ಲಿ ಮಾಡಬೇಕಾದರೆ ಒಂದು ಇಡೀ ಕೊಠಡಿ, ಮಲಗುವ ಮೇಜು, ಒಳ್ಳೆ ಬೆಳಕು, ಕಿಟಕಿಗೆ ಪರದೆ, ತರಬೇತಿ ಆದ ಹೆಣ್ಣು ಸಿಬ್ಬಂದಿ ಎಲ್ಲ ಬೇಕು. ಇವು ಇಲ್ಲದಿದ್ದರೆ ಮಾಡಲೇಬೇಡಿ. ಹೆಸರು ಬರೆದುಕೊಂಡು ಇನ್ನೊಂದು ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಾರ್ಯಕ್ರಮ ಚೆನ್ನಾಗಿ ಕಾಣಲಿ ಅಂತ ಅರೆಬರೆ ಪರದೆ ಕಟ್ಟಿ ಮಾಡೋದನ್ನು ನೋಡಿದ್ದೇನೆ. ಒಮ್ಮೆ ಅಲ್ಲಿ ಮುಜುಗರಪಟ್ಟವಳು ಮತ್ತೆ ಯಾವ ಪರೀಕ್ಷೆಗೂ ಬರುವುದಿಲ್ಲ.

ಬಾಯಿ ನೋಡೋದು ಮಾತ್ರ ಮರೆಯಬೇಡಿ. ಕಡ್ಡಿಪುಡಿ, ಹೊಗೆಸೊಪ್ಪು ಹಾಕುವ ಅಜ್ಜಿಯರು ನಮ್ಮ ಕಡೆ ಎಷ್ಟು ಜನ! ಒಂದು ಟಾರ್ಚ್ ಸಾಕು. ಬಿಳಿ ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಕಷ್ಟ, ಇವನ್ನು ನೋಡಿದರೆ ಬರೆದುಕೊಳ್ಳಿ.

ಪಾವಗಡ, ಸ್ತ್ರೀಶಕ್ತಿ ಗುಂಪಿನ ಪ್ರತಿನಿಧಿ

ಮೈಕ್ ಹಿಡಿದು ಡಾಕ್ಟರಮ್ಮ ಬಿಳಿ ಸೆರಗಿನ ಬಗ್ಗೆ ಮಾತಾಡಿದರೆ ಎಲ್ಲರೂ ತಲೆ ತಗ್ಗಿಸಿ ಕೂರುತ್ತಾರೆ. "ಪ್ರಶ್ನೆ ಇದೆಯಾ?" ಅಂದರೆ ಒಬ್ಬಳೂ ಬಾಯಿ ಬಿಡುವುದಿಲ್ಲ. ನಾವು ಹದಿನೈದು ಇಪ್ಪತ್ತು ಜನರ ಗುಂಪು ಮಾಡಿ ಒಂದೊಂದು ಕೊಠಡಿಯಲ್ಲಿ ಕೂರಿಸಿದೆವು. ಹುಡುಗಿಯರು ಬೇರೆ, ಮದುವೆಯಾದವರು ಬೇರೆ, ಮುಟ್ಟು ನಿಂತವರು ಬೇರೆ. ಸೊಸೆ ಇರುವ ಕೊಠಡಿಯಲ್ಲಿ ಅತ್ತೆ ಇರಬಾರದು, ಇದು ಮುಖ್ಯ. ಬಾಗಿಲು ಹಾಕಿದ ಮೇಲೆ ನೋಡಬೇಕಿತ್ತು ನೀವು!

ಅಲ್ಲಿ ಜಾಸ್ತಿ ಬಂದ ಮಾತು ಗರ್ಭಕೋಶ ತೆಗೆಸೋದರ ಬಗ್ಗೆ. ಬಿಳಿ ಸೆರಗು, ಸೊಂಟನೋವು ಅಂತ ಹೋದರೆ "ಮಕ್ಕಳಾಯಿತಲ್ಲ, ತೆಗೆಸಿಬಿಡಿ" ಅಂದರಂತೆ. ನಮ್ಮ ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದರು: ಬಿಳಿ ಸೆರಗಿಗೆ ಹೆಚ್ಚಾಗಿ ಮಾತ್ರೆಯೇ ಸಾಕು, ತೆಗೆಸುವ ಮಾತು ಬಂದರೆ ಇನ್ನೊಬ್ಬ ಡಾಕ್ಟರನ್ನು ಕೇಳದೆ ಒಪ್ಪಬೇಡಿ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಚಿಕ್ಕ ವಯಸ್ಸಿಗೇ ಮುಟ್ಟು ನಿಂತು ಮೂಳೆ ಸವೆಯುತ್ತದೆ. ಗರ್ಭಕೋಶ ಜಾರಿದವರಿಗೂ ವ್ಯಾಯಾಮ, ಒಳಗೆ ಇಡುವ ಬಳೆಯಂಥ ಸಾಧನ ಇವೆ. ಮುಟ್ಟು ನಿಂತು ಒಂದು ವರ್ಷದ ಮೇಲೆ ಮತ್ತೆ ರಕ್ತ ಕಂಡರೆ ಒಂದು ತೊಟ್ಟಾದರೂ ಸರಿ, ಡಾಕ್ಟರಿಗೆ ತೋರಿಸಲೇಬೇಕು. ಈ ಕೊನೆಯದು ಅಲ್ಲಿದ್ದ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. "ಮತ್ತೆ ಶುರುವಾಯಿತು" ಅಂತ ಸುಮ್ಮನಿದ್ದವರಿದ್ದರು.

ಇನ್ನೊಂದು. ನಮ್ಮ ತಾಲ್ಲೂಕಿನ ಹಾಗೆ ನಿಮ್ಮ ಕಡೆಯೂ ಬಹಳ ಮನೆಗಳಲ್ಲಿ ತೆಲುಗು. ಬ್ಯಾನರ್ ಕನ್ನಡದಲ್ಲಿ ಇರಲಿ, ಆದರೆ ಕೊಠಡಿಯಲ್ಲಿ ಕೂರುವವರಿಗೆ ತೆಲುಗು ಬರಬೇಕು. ಒಳಗಿನ ನೋವನ್ನು ಮನೆಮಾತಿನಲ್ಲೇ ಹೇಳೋದು ಅಲ್ವಾ.

ಕಾಡುಗೊಲ್ಲರ ಹಟ್ಟಿಗಳಿದ್ದರೆ ಅಲ್ಲಿಗೆ ಬೇರೆ ದಿನ ನೀವೇ ಹೋಗಿ. ಮುಟ್ಟಾದವರು, ಬಾಣಂತಿಯರು ಹೊರಗೆ ಇರುವ ರೂಢಿ ಕೆಲವು ಕಡೆ ಇನ್ನೂ ಇದೆ. ಅವರನ್ನು ಮೆರವಣಿಗೆಗೆ ಕರೆದರೆ ಬರುವುದಿಲ್ಲ. ಅಲ್ಲಿ ಹಿರಿಯ ಹೆಂಗಸರ ಜೊತೆ ಮೊದಲು ಮಾತಾಡಬೇಕು, ಬೈದರೆ ಬಾಗಿಲು ಮುಚ್ಚುತ್ತದೆ.

ಶ್ರೀನಿವಾಸಪುರ ಕಡೆ, ಹಾಲಿನ ಡೈರಿ ಕಾರ್ಯದರ್ಶಿ

ಗಂಡಸು ಮಾತಾಡುತ್ತಿದ್ದೇನೆ, ಬೇಸರ ಬೇಡ. ಪ್ರಚಾರಕ್ಕೆ ಕರಪತ್ರ ಅಚ್ಚು ಹಾಕಿಸಬೇಡಿ. ಬೆಳಗ್ಗೆ ಸಂಜೆ ಡೈರಿ ಮುಂದೆ ಕ್ಯಾನ್ ಹಿಡಿದು ನಿಲ್ಲುವವರಲ್ಲಿ ಹೆಂಗಸರೇ ಜಾಸ್ತಿ. ಅಲ್ಲಿ ಒಂದು ವಾರ ಹೇಳಿಸಿ, ಊರಿಗೇ ಗೊತ್ತಾಗುತ್ತದೆ. ಮಾವಿನ ಕಾಲದಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ, ಮೇ ಜೂನ್‌ನಲ್ಲಿ ನಮ್ಮ ಕಡೆ ಯಾರೂ ಸಿಗುವುದಿಲ್ಲ.

ಗಂಡಸರಿಗೂ ಒಂದು ಕೊಠಡಿ ಇಡಿ ಅಂತ ನನ್ನ ಸಲಹೆ. ಹೆಂಡತಿಯನ್ನು ಕೋಲಾರದ ಆಸ್ಪತ್ರೆಗೆ ಕಳಿಸಲು ದುಡ್ಡು, ದಿನ ಎರಡನ್ನೂ ಕೊಡಬೇಕಾದವನು ಅವನು.

ಗೌರಿಬಿದನೂರು ಕಡೆಯ ಆಶಾ ಕಾರ್ಯಕರ್ತೆ

ಅಣ್ಣ, ನೀವು ಹೇಳೋದು ನಿಜ, ಆದರೆ ಅದೇ ದಿನ ಅದೇ ಶಾಲೆಯಲ್ಲಿ ಬೇಡ. ಗೇಟಿನ ಹತ್ತಿರ ನಾಲ್ಕು ಗಂಡಸರು ಬೀಡಿ ಹಚ್ಚಿ ನಿಂತರೆ ತಪಾಸಣೆ ಕೊಠಡಿ ಕಡೆ ಯಾರೂ ಹೋಗುವುದಿಲ್ಲ. ಹಿಂದಿನ ಸಂಜೆ ಡೈರಿಯಲ್ಲೇ ಅವರಿಗೆ ಬಿಪಿ, ಸಕ್ಕರೆ ನೋಡಿ, ಆಗಲೇ ಮಾತಾಡೋಣ.

ಚಿಂತಾಮಣಿ ತಾಲ್ಲೂಕು, ಒಕ್ಕೂಟದ ಸದಸ್ಯೆ

ಎಲ್ಲ ಬರೆದುಕೊಳ್ಳುತ್ತಿದ್ದೇವೆ. ಇನ್ನೂ ಎರಡು ಪ್ರಶ್ನೆ. ಶಾಸಕರನ್ನು ಕರೆಯಬೇಕಾ? ಒಂದು ಪ್ಯಾಡ್ ಕಂಪನಿಯವರು ಎಲ್ಲರಿಗೂ ಉಚಿತವಾಗಿ ಕೊಡುತ್ತೇವೆ, ಬ್ಯಾನರ್ ಹಾಕಲು ಬಿಡಿ ಅನ್ನುತ್ತಿದ್ದಾರೆ. ಮತ್ತೆ, ಗಂಡನ ಹೊಡೆತದ ಬಗ್ಗೆ ಏನಾದರೂ ಇರಬೇಕು ಅಂತ ಸಂಘದ ಕೆಲವರು ಹೇಳುತ್ತಾರೆ. ಅದು ಹಬ್ಬದಲ್ಲಿ ಹೊಂದುತ್ತದಾ? ಮೂರು ಪ್ರಶ್ನೆ ಆಯಿತು, ಇರಲಿ.

ತುಮಕೂರು, ಪದವಿ ವಿದ್ಯಾರ್ಥಿನಿ

ಪ್ಯಾಡ್ ಬಗ್ಗೆ ನಾನು ಹೇಳುತ್ತೇನೆ. ಒಂದೇ ಕಂಪನಿಯ ಒಂದೇ ಪ್ಯಾಕೆಟ್ ಕೊಟ್ಟರೆ ಒಂದು ತಿಂಗಳು ಆಗುತ್ತದೆ, ಆಮೇಲೆ? ಬಟ್ಟೆ, ಪ್ಯಾಡ್, ಮುಟ್ಟಿನ ಕಪ್ ಮೂರನ್ನೂ ಮೇಜಿನ ಮೇಲೆ ಇಟ್ಟು ಮುಟ್ಟಿ ನೋಡಲು ಬಿಡಿ. ಬಟ್ಟೆ ಬಳಸುವವರನ್ನು ಕೀಳಾಗಿ ಮಾತಾಡಬೇಡಿ. ಚೆನ್ನಾಗಿ ಒಗೆದು ಬಿಸಿಲಿನಲ್ಲಿ ಒಣಗಿಸಿದರೆ ಬಟ್ಟೆಯೂ ಸರಿ. ತೊಂದರೆ ಇರೋದು ಸೀರೆಯ ಕೆಳಗೆ, ಬಚ್ಚಲ ಮೂಲೆಯಲ್ಲಿ ಮುಚ್ಚಿಟ್ಟು ಒಣಗಿಸೋದರಲ್ಲಿ. ಬಳಸಿದ ಪ್ಯಾಡ್ ಎಲ್ಲಿ ಹಾಕೋದು ಅನ್ನೋದನ್ನು ಪಂಚಾಯಿತಿಯವರ ಎದುರಿಗೇ ಕೇಳಿ, ಅವರು ಉತ್ತರ ಕೊಡಲಿ.

ಹುಡುಗಿಯರ ಕೊಠಡಿಯಲ್ಲಿ ಮನಸ್ಸಿನ ಮಾತೂ ಬರಲಿ. ಪರೀಕ್ಷೆ, ಮದುವೆ ಒತ್ತಾಯ, ಫೋನ್‌ನಲ್ಲಿ ಕಾಟ ಕೊಡುವವರು ಎಲ್ಲ ಇರುತ್ತದೆ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬಾಣಂತಿಯರಿಗೂ ಹೇಳಿ. ಹೆರಿಗೆಯಾದ ಮೇಲೆ ವಾರಗಟ್ಟಲೆ ಅಳು ಬಂದರೆ ಅದು ದೃಷ್ಟಿಯಲ್ಲ, ಅದಕ್ಕೆ ಚಿಕಿತ್ಸೆ ಇದೆ.

ಕೋಲಾರ, ಕಾನೂನು ನೆರವಿನ ಸ್ವಯಂಸೇವಕಿ

ಹೊಡೆತದ ವಿಷಯ ಖಂಡಿತ ಇರಲಿ, ಆದರೆ "ಕೌಟುಂಬಿಕ ದೌರ್ಜನ್ಯ" ಅಂತ ಬೋರ್ಡ್ ಹಾಕಿದರೆ ಆ ಮೇಜಿನ ಹತ್ತಿರ ಒಂದು ನರಪಿಳ್ಳೆ ಬರುವುದಿಲ್ಲ. ಯಾರು ಬಂದರು ಅಂತ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದಲ್ಲ. "ವಿಧವಾ ವೇತನ, ಸಂಧ್ಯಾ ಸುರಕ್ಷಾ, ರೇಷನ್ ಕಾರ್ಡ್ ಮಾಹಿತಿ" ಅಂತ ಬರೆಯಿರಿ. ಪಿಂಚಣಿ ಕೇಳಲು ಬಂದ ಹಾಗೆ ಬಂದು ಉಳಿದದ್ದನ್ನು ಹೇಳುತ್ತಾರೆ. ಮೇಜು ಮೂಲೆಯ ಕೊಠಡಿಯಲ್ಲಿರಲಿ. ಮಹಿಳಾ ಸಹಾಯವಾಣಿ 181ರ ಸಂಖ್ಯೆ ಇರುವ ಚೀಟಿ ಕೊಡಬೇಡಿ, ಗಂಡನ ಕೈಗೆ ಸಿಕ್ಕರೆ ಅದಕ್ಕೂ ಏಟು. ಬಾಯಿಪಾಠ ಮಾಡಿಸಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಜಿಲ್ಲಾ ಪ್ರಾಧಿಕಾರಕ್ಕೆ ಬರೆದು ಮೇಜಿಗೆ ಒಬ್ಬರನ್ನು ಕಳಿಸಿ ಅಂತ ಕೇಳಬಹುದು.

ಶಾಸಕರ ವಿಷಯ: ಕರೆಯಿರಿ, ಊಟದ ಹೊತ್ತಿಗೆ ಕರೆಯಿರಿ. ಬೆಳಗ್ಗೆ ಕರೆದರೆ ಅವರು ಬರುವ ತನಕ ಏನೂ ಶುರುವಾಗುವುದಿಲ್ಲ.

ಕೋಲಾರ, ಸ್ಟಾಫ್ ನರ್ಸ್

ಹಬ್ಬದ ಮರುದಿನದ ಬಗ್ಗೆ ಯಾರೂ ಬರೆಯಲಿಲ್ಲ. ಒಂದು ಪುಸ್ತಕ ಇಡಿ. ಅದರಲ್ಲಿ ರಕ್ತ ತುಂಬ ಕಡಿಮೆ ಇರುವವರು, ಬಿಪಿ 140/90 ದಾಟಿದವರು, ಎದೆಯಲ್ಲಿ ಗಂಟು ಸಿಕ್ಕವರು, ಬಾಯಲ್ಲಿ ಮಚ್ಚೆ ಇರುವವರು, ಇಷ್ಟು ಜನರ ಹೆಸರು ಸಾಕು. ಪುಸ್ತಕ ಆಶಾ ಅಥವಾ ಸಮುದಾಯ ಆರೋಗ್ಯಾಧಿಕಾರಿ ಹತ್ತಿರ ಇರಲಿ, ಸಂಘದಲ್ಲಿ ಓದಿ ಹೇಳಬಾರದು, ವಾಟ್ಸಾಪ್‌ಗೆ ಫೋಟೊ ಹಾಕಬಾರದು. ಗುಂಪಾಗಿ ಒಂದು ದಿನ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 2023ರ ಜೂನ್‌ನಿಂದ ಸರ್ಕಾರಿ ಬಸ್ ಹೆಂಗಸರಿಗೆ ಉಚಿತ ನಿಜ, ಆದರೆ ಖಾಸಗಿ ಬಸ್ ಮಾತ್ರ ಓಡುವ ಊರಿಗೆ ಅದರಿಂದ ಏನು ಪ್ರಯೋಜನ? ಅವರ ಚಾರ್ಜಿಗೆ, ತಪ್ಪಿದ ಕೂಲಿಗೆ ಸ್ವಲ್ಪ ದುಡ್ಡು ಈಗಲೇ ತೆಗೆದಿಡಿ. ಶಾಮಿಯಾನ ಚಿಕ್ಕದಾದರೂ ಪರವಾಗಿಲ್ಲ.

ಚಿಂತಾಮಣಿ ತಾಲ್ಲೂಕು, ಒಕ್ಕೂಟದ ಸದಸ್ಯೆ

ಶಾಮಿಯಾನ ಬಿಟ್ಟೆವು, ಶಾಲೆಯ ಹೊಂಗೆ ಮರವೇ ಸಾಕು. ಆ ದುಡ್ಡು ಆಸ್ಪತ್ರೆ ಖರ್ಚಿಗೆ. ಹೆಡ್ ಮೇಡಂ ಒಪ್ಪಿದ್ದಾರೆ, ಪಿಎಚ್‌ಸಿಗೆ ಪತ್ರ ಬರೆಯುತ್ತಿದ್ದೇವೆ. ತೆಲುಗು ಬರುವ ಡಾಕ್ಟರಮ್ಮ ಯಾರಾದರೂ ಗೊತ್ತಿದ್ದರೆ ನಮ್ಮ ಕಡೆಗೆ ಒಂದು ಮಾತು ಹೇಳಿ.