ಅಪ್‌ಡೇಟ್: ಸಂಬಳ ಹೆಚ್ಚಿದರೂ ಹಳೆಯ ಖರ್ಚಿನಲ್ಲೇ ಇದ್ದೇವೆ

ಸಂಬಳ ಹೆಚ್ಚಾಗಿದೆ, ದೊಡ್ಡ ಮನೆಗೆ ಹೋಗಬೇಕೇ ಅಥವಾ ಇದ್ದಂತೆಯೇ ಇರುವುದು ಕ್ರೈಸ್ತರಾದ ನಮಗೆ ಸರಿಯೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು. ನಾವು ಮನೆ ಬದಲಿಸಲಿಲ್ಲ.

ಬೈಬಲಿನಲ್ಲಿ ಅಪೊಸ್ತಲ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ ಓದಿ ಎಂದವರಿಗೆ ವಿಶೇಷವಾಗಿ ಋಣಿ. ತೃಪ್ತಿಯಿಂದಿರುವುದನ್ನು ತಾನು ಕಲಿತುಕೊಂಡೆ ಎಂದು ಪೌಲನು ಸೆರೆಯಲ್ಲಿದ್ದುಕೊಂಡೇ ಬರೆಯುತ್ತಾನೆ. ಕೊರತೆಯಲ್ಲಿ ಮಾತ್ರವಲ್ಲ, ಸಮೃದ್ಧಿಯಲ್ಲಿಯೂ ಕಲಿಯಬೇಕಾದ ಪಾಠವದು. ನಮಗೆ ಬೇಕಾಗಿದ್ದು ಈ ಎರಡನೆಯದೇ. 18ನೇ ಶತಮಾನದ ಇಂಗ್ಲೆಂಡಿನ ಕ್ರೈಸ್ತ ಬೋಧಕ ಜಾನ್ ವೆಸ್ಲಿ ಹೇಳಿದ ಆಕ್ಸ್‌ಫರ್ಡ್‌ನ ಯುವಕನ ಸಂಗತಿಯೂ ಮನಸ್ಸಿಗೆ ನಾಟಿತು: ವಾರ್ಷಿಕ ಆದಾಯ 30 ಪೌಂಡಿನಿಂದ 120ಕ್ಕೆ ಏರಿದರೂ ಅವನು 28 ಪೌಂಡಿನಲ್ಲೇ ಬದುಕಿ, ಉಳಿದದ್ದನ್ನು ದಾನ ಮಾಡಿದ.

ನಾವು ಅಷ್ಟು ದೂರ ಹೋಗಿಲ್ಲ. ಹೆಚ್ಚಿದ ಹಣದಲ್ಲಿ ಒಂದು ಪಾಲನ್ನು ಸಂಬಳ ಬಂದ ದಿನವೇ ಕಾಣಿಕೆಗೂ ಬಡವರಿಗೂ ತೆಗೆದಿಡುತ್ತೇವೆ. ತಿಂಗಳ ಕೊನೆಗೆ ಕೊಡೋಣವೆಂದರೆ ಏನೂ ಉಳಿಯುವುದಿಲ್ಲ. ಮಿಕ್ಕದ್ದು ಸಾಲಕ್ಕೆ, ಸ್ವಲ್ಪ ಉಳಿತಾಯಕ್ಕೆ. ಕೂಡಿಡುವುದು ಅಪನಂಬಿಕೆ ಎಂದು ಒಬ್ಬರು ಬರೆದಿದ್ದರು, ನಾನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಆಹಾರ ಕೂಡಿಡುವ ಇರುವೆಯನ್ನು ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದ 6ನೇ ಅಧ್ಯಾಯ ಮೆಚ್ಚುತ್ತದೆ.

ಸ್ನೇಹಿತರ ಹೊಸ ಮನೆ ನೋಡಿ ಬಂದ ದಿನ ಆಸೆ ಈಗಲೂ ಚುಚ್ಚುತ್ತದೆ. ಅದನ್ನು ಮುಚ್ಚಿಡದೆ, ನಾನೂ ಪತ್ನಿಯೂ ಹೇಳಿಕೊಂಡು ಪ್ರಾರ್ಥಿಸುತ್ತೇವೆ. ಸಾಲ ತೀರಿದ ಮೇಲೆ ಕೊಡುವ ಪಾಲನ್ನು ಹೆಚ್ಚಿಸಬೇಕೆಂದಿದ್ದೇವೆ.