ಪದಚರ್ಚೆ: ಕೀಲಿನಲ್ಲಿ ಬೇಕೆಂದೇ ಬಿಡುವ ‘ಪ್ಲೇ’ಗೆ ‘ಆಟ’ ಎನ್ನಬಹುದೇ?

ಮಾನ್ಯರೇ,

ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಸ್ಪೋರ್ಟ್ಸ್ ಕಾರಿನ ಥ್ರಾಟಲ್ ಲಿಂಕೇಜನ್ನು, ಅಂದರೆ ಪೆಡಲಿನ ಒತ್ತನ್ನು ಎಂಜಿನ್ನಿಗೆ ಮುಟ್ಟಿಸುವ ಸರಳು-ಸನ್ನೆಗಳ ಜೋಡಣೆಯನ್ನು, ಹೊಂದಿಸುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೂಡಿಕೊಂಡ ಎರಡು ಭಾಗಗಳ ನಡುವೆ ಕೊಂಚ ಬರಿದೆ ಸರಿದಾಡಲು ಬಿಡುವ ಅವಕಾಶಕ್ಕೆ, ಗ್ಯಾರೇಜುಗಳಲ್ಲಿ ಎಲ್ಲರೂ ‘ಪ್ಲೇ’ ಎನ್ನುವುದಕ್ಕೆ, ಸರಿಹೊಂದುವ ಪದ ಸಿಗದೆ ಬರವಣಿಗೆ ಅಲ್ಲಿಗೇ ನಿಂತಿದೆ.

ಎಸ್‌ಯು ಕಂಪನಿಯ ಜೋಡಿ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಸಾಧನ) ಇರುವ ಮಾದರಿಗಳಲ್ಲಿ, ಪೆಡಲ್ ಒತ್ತಿದಾಗ ಕೇಬಲ್ ಎಳೆದು ನಡುವಿನ ಸರಳು ತಿರುಗುತ್ತದೆ. ಆ ಸರಳಿನ ಎರಡು ಸನ್ನೆಗಳ ತುದಿಯಲ್ಲಿರುವ ಪಿನ್ನುಗಳು ಆಯಾ ಕಾರ್ಬ್ಯುರೇಟರಿನ ಕವೆಯೊಳಗೆ ಕೂತು, ಒಳಹೋಗುವ ಗಾಳಿಯನ್ನು ತಡೆದು ಬಿಡುವ ಥ್ರಾಟಲ್ ಬಿಲ್ಲೆಯನ್ನು ತೆರೆಯುತ್ತವೆ. ಮೊದಲು ಸರಳಿನ ಕ್ಲ್ಯಾಂಪ್ ಬೋಲ್ಟುಗಳನ್ನು ಸಡಿಲಿಸಿ, ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೂ ಹಿಡಿದು, ಎರಡೂ ಕಡೆಯ ‘ಹಿಸ್ಸ್’ ಸದ್ದು ಒಂದೇ ಆಗುವವರೆಗೆ, ಪೆಡಲ್ ಒತ್ತದಿರುವಾಗಿನ ವೇಗವನ್ನು ಹೊಂದಿಸುವ ಐಡಲ್ ಸ್ಕ್ರೂಗಳನ್ನು ತಿರುಗಿಸಬೇಕು. ಅನಂತರ ಬೋಲ್ಟು ಬಿಗಿಯುವಾಗ ಪಿನ್ನಿಗೂ ಕವೆಗೂ ನಡುವೆ ಫೀಲರ್ ಗೇಜಿನ (ಸಂದು ಅಳೆಯುವ ಸಾಧನದ) ತೆಳು ಪಟ್ಟಿಯಷ್ಟು ಎಡೆ ಉಳಿಯಬೇಕು, ಎರಡೂ ಕಡೆ ಅದು ಸಮನಾಗಿರಬೇಕು. ಎಡೆ ಇಲ್ಲದಿದ್ದರೆ ಕಾಲು ತೆಗೆದರೂ ಬಿಲ್ಲೆ ಪೂರ್ತಿ ಮುಚ್ಚದೆ ರೇಸ್ ಇಳಿಯುವುದಿಲ್ಲ. ಹೆಚ್ಚುಕಡಿಮೆಯಾದರೆ ಒಂದು ಕಾರ್ಬ್ಯುರೇಟರ್ ಮೊದಲು ತೆರೆದು ಎಂಜಿನ್ ತಡವರಿಸುತ್ತದೆ.

ಇದನ್ನು ‘ಸಡಿಲ’ ಎಂದು ಬರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ, ಏಕೆಂದರೆ ಸಡಿಲವೆಂದ ಕೂಡಲೇ ಓದುವವನ ಕೈ ಸ್ಪ್ಯಾನರ್ ಹಿಡಿದು ಬಿಗಿಮಾಡಲು ಹೋಗುತ್ತದೆ. ‘ಸಂದು’, ‘ಎಡೆ’, ‘ತೆರಪು’ ಎಂಬವು ಜಾಗವನ್ನು ಹೇಳುತ್ತವೆಯೇ ಹೊರತು, ಆ ಜಾಗದಲ್ಲಿ ಪಿನ್ನು ಬರಿದೆ ಸರಿದಾಡುವ ಚಲನೆಯನ್ನು ಹೇಳುವುದಿಲ್ಲ.

‘ಆಟ’ ಎಂಬುದು ಇಂಗ್ಲಿಷಿನ ನೇರ ಅನುವಾದದಂತೆ ಕಂಡೀತು ಎಂದು ಮೊದಲು ಹಿಂಜರಿದೆ. ಆದರೆ ಗಾಳಿಯಾಡು, ಉಸಿರಾಡು, ಅಲ್ಲಾಡು, ಓಡಾಡು, ಕೈಯಾಡಿಸು ಇವುಗಳಲ್ಲೆಲ್ಲ ‘ಆಡು’ ಎಂಬುದಕ್ಕೆ ಅಡೆತಡೆಯಿಲ್ಲದೆ ಚಲಿಸುವುದು ಎಂಬ ಅರ್ಥ ನಮ್ಮಲ್ಲೇ ಇದೆ. ಹೊಸ ಕತ್ತರಿ ಬಿಗಿಯಾಗಿದ್ದರೆ ‘ಸರಿಯಾಗಿ ಆಡುತ್ತಿಲ್ಲ’ ಎನ್ನುತ್ತೇವೆ. ಹಾಗಾಗಿ ‘ಪಿನ್ನಿಗೆ ಕವೆಯಲ್ಲಿ ಕೊಂಚ ಆಟವಿರಲಿ’ ಎಂಬ ವಾಕ್ಯ ನನ್ನ ಕಿವಿಗೆ ಸಹಜವಾಗಿಯೇ ಕೇಳುತ್ತದೆ. ಸವೆತದಿಂದ ಬಂದ ದೋಷಕ್ಕೆ ‘ಸಡಿಲ’ ಎಂದೂ ಬೇಕೆಂದೇ ಬಿಟ್ಟದ್ದಕ್ಕೆ ‘ಆಟ’ ಎಂದೂ ಬಳಸಿದರೆ ಕೆಲಸ ಮಾಡುವವರಿಗೆ ಗೊಂದಲವಿರದು ಎಂಬುದು ನನ್ನ ಅಭಿಪ್ರಾಯ.

ಕೀಲೆಣ್ಣೆ, ಕಡೆಗೀಲು ಮುಂತಾದ ಪದಗಳನ್ನು ಕೊಟ್ಟ ಬಂಡಿಯ ಕಸುಬಿನಲ್ಲಿ, ಚಕ್ರದ ಗುಂಬಕ್ಕೂ (ನಡುಭಾಗಕ್ಕೂ) ಅಚ್ಚಿಗೂ ನಡುವೆ ಬಿಡುತ್ತಿದ್ದ ಇಂಥದೇ ಅವಕಾಶಕ್ಕೆ ಬೇರೆ ಹೆಸರಿತ್ತೇ? ಬಡಗಿಗಳ, ಕಮ್ಮಾರರ ಅಥವಾ ನೇಕಾರರ ಬಾಯಲ್ಲಿ ಇದನ್ನು ಕೇಳಿದವರು, ಯಾವ ಊರಿನ ಬಳಕೆ ಎಂಬುದರೊಡನೆ ಪೂರ್ತಿ ವಾಕ್ಯವನ್ನೇ ಬರೆದು ತಿಳಿಸಬೇಕೆಂದು ಕೋರುತ್ತೇನೆ.