ಸಹಾಯ ಬೇಕು: ಮಕ್ಕಳ ಜೊತೆ ಫಾರೆಸ್ಟ್ ಆಫ್ ಡೀನ್‌ನಲ್ಲಿ ಸೈಕಲ್ ಸವಾರಿ

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದೇವೆ. ಮಗಳಿಗೆ 7 ವರ್ಷ, ಮಗನಿಗೆ 3. ಹಳೆ ರೈಲು ಹಾದಿಯನ್ನೇ ಸೈಕಲ್ ದಾರಿ ಮಾಡಿರುವ ಬ್ರಿಸ್ಟಲ್-ಬಾತ್ ರೈಲ್ವೆ ಪಾತ್‌ನಲ್ಲಿ ಮಗಳು ಚೆನ್ನಾಗಿಯೇ ಓಡಿಸುತ್ತಾಳೆ. ಆದರೆ ಶನಿವಾರ, ಭಾನುವಾರ ಅಲ್ಲಿ ಜನ ಜಾಸ್ತಿ, ಹಿಂದಿನಿಂದ ಬೆಲ್ ಹೊಡೆದರೆ ಗಾಬರಿಯಾಗಿ ನಿಂತುಬಿಡುತ್ತಾಳೆ. ದಾವಣಗೆರೆಯಲ್ಲಿ ಲಾರಿಗಳ ಮಧ್ಯೆ ಒಳಪೆಡ್ಲು ಹೊಡೆದು ಕಲಿತವನು ನಾನು, ಅವಳಿಗೆ ಅದೆಲ್ಲ ಬೇಡ ಅಲ್ವಾ!

ಫಾರೆಸ್ಟ್ ಆಫ್ ಡೀನ್ ಕಾಡಿನ ಫ್ಯಾಮಿಲಿ ಸೈಕಲ್ ಟ್ರೇಲ್‌ಗೆ ಹೋಗೋಣ ಅಂತಿದ್ದೇವೆ. ಹಿಂದೆ ಕಲ್ಲಿದ್ದಲು ಸಾಗಿಸುತ್ತಿದ್ದ ರೈಲು ಹಾದಿ ಅದು, ಕಾಡಿನೊಳಗೆ ಸುಮಾರು 10 ಮೈಲಿ ಸುತ್ತು. ಹೋದವರು ಸ್ವಲ್ಪ ಹೇಳಿ:

ಆ ಕಾಡಿನ ಸೈಕಲ್ ಕೇಂದ್ರ ಇರುವ ಕ್ಯಾನಪ್‌ನಿಂದ ಶುರು ಮಾಡಿದರೆ ಯಾವ ಕಡೆಯಿಂದ ಸುತ್ತುವುದು ಸುಲಭ? ಪುಟ್ಟ ಕಾಲಿಗೆ ಏರು ಕೊನೆಯಲ್ಲಿ ಬಂದರೆ ಕಷ್ಟ. ಮಳೆ ಬಂದ ಮರುದಿನ ಜಲ್ಲಿ ಹಾದಿಯಲ್ಲಿ ಮಗನನ್ನು ಕೂರಿಸಿ ಸೈಕಲ್ ಹಿಂದೆ ಕಟ್ಟುವ ಟ್ರೇಲರ್ ಎಳೆಯಬಹುದಾ? ನಡುವೆ ಎಲ್ಲೆಲ್ಲಿ ಕಾರು ರಸ್ತೆ ದಾಟಬೇಕು? ಇದು ನನಗೆ ತುಂಬ ಮುಖ್ಯ.

ಅಲ್ಲೇ ಇರುವ ಪಾರ್ಕೆಂಡ್ ಹಳ್ಳಿವರೆಗೆ ಹೋಗಿ ಹಬೆ ರೈಲು ತೋರಿಸುವ ಆಸೆಯೂ ಇದೆ. ಆ ಕಾಡಲ್ಲಿ ಕಾಡುಹಂದಿಗಳಿವೆ ಅಂತ ಹೆಂಡತಿಗೆ ಇನ್ನೂ ಹೇಳಿಲ್ಲ. ಹಗಲಲ್ಲಿ ಯಾರಿಗಾದರೂ ಎದುರಾಗಿವೆಯಾ?